ಆಯವ್ಯಯ ಪತ್ರವೂ ಹಕ್ಕುಬಿಡುಗಡೆ ಪತ್ರವೂ

ಬೆಂಗಳೂರಿನಲ್ಲಿ ಆಯವ್ಯಯ ಮಂಡನೆಯ ಕಾಲವು ಸಮೀಪಿಸಿರುವದು. ಮನೆಯ ಯಜಮಾನಿಗೆ 2023ರ ಆಗಸ್ಟದಿಂದ ತಿಂಗಳಿಗೆ 2,000 ರೂಪಾಯಿಗಳನ್ನು ಕೊಡುವ ಗೃಹಲಕ್ಷ್ಮಿ ಯೋಜನೆಯ ಚರ್ಚೆಯೇ ಎಲ್ಲೆಲ್ಲಿಯೂ. ಅದನ್ನು ಹಳಿಯುವವನು ನಾನಲ್ಲ. ಆದರೆ ಮಾಸಾಶನವು ಬೇರೆ, ದಾಯವು ಬೇರೆ. ಕೊಟ್ಟ ಸರಕಾರವು ಮಾಸಾಶನವನ್ನು ನಿಲ್ಲಿಸಬಲ್ಲದು. ದಾಯವು ಜನ್ಮದಿಂದ ಬಂದ ಹಕ್ಕು. ಆ ಹಕ್ಕು ನಮ್ಮ ಸುಶಿಕ್ಷಿತ ಮನೆಗಳಲ್ಲಿಯೇ ಹೇಗೆ ಕಳೆದುಹೋಗುವದೆಂಬದನ್ನು ಹೇಳಬೇಕಾಗಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವೆನು. ಖಾನಾಪುರ ತಾಲೂಕಿನಲ್ಲಿ ನಮ್ಮ ಮನೆತನದ ಭತ್ತದ ಗದ್ದೆಯುಂಟು. 2007ರಲ್ಲಿ ತೀರ್ಥರೂಪರು ತೀರಿಕೊಂಡರು. ವರ್ಷಾಂತಿಕವು ಮುಗಿದೊಡನೆ ನಾವು ಅಣ್ಣತಮ್ಮಂದಿರು ಒಬ್ಬಳೇ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿದೆವು. “ಅಣ್ಣಾ, ಸಹಿ ಎಲ್ಲಿ ಮಾಡಲಿ?” ಎಂದಷ್ಟೇ ಅವಳು ಕೇಳಿದಳು. ಅದರಲ್ಲಿ ಬರೆದುದೇನೆಂದು ಅವಳು ಕೇಳಲಿಲ್ಲ, ನಾನು ಓದಿ ಹೇಳಲಿಲ್ಲ. ಇಳಕಲ್ಲ ಸೀರೆಯನ್ನುಡಿಸಿ, ಉಡಿ ತುಂಬಿ ಕಳುಹಿದೆವು. ಐದು ವರ್ಷಗಳ ತರುವಾಯ ಅವಳು ವಿಧವೆಯಾದಳು. ಆಗ ತನ್ನದೇ ಗದ್ದೆಯ ಭತ್ತವನ್ನು ನಮ್ಮಿಂದ ಉಪಕಾರವೆಂದು ಪಡೆದಳು.

ಕಾಯಿದೆಯಿರಲಿಲ್ಲವೆಂದಲ್ಲ. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿದಾಗ, ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿಗೆ ಅದರ ಫಲ ದೊರೆಯಲಿಲ್ಲ, ನಿಜ. ಆದರೆ 1994ರಲ್ಲಿ ಕರ್ನಾಟಕದ ತಿದ್ದುಪಡಿಯು, ಅದಕ್ಕೆ ಮುಂಚೆ ಮದುವೆಯಾದವರನ್ನುಳಿದು, ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಜನ್ಮಸಿದ್ಧವಾದ ಸಮಪಾಲನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ಕಳೆಯಿತು. ಆ ದಿನ ತಂದೆಯು ಜೀವಂತನಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಕಾಯಿದೆಯು ಹೆಬ್ಬಾಗಿಲಿನಿಂದ ತಂದುಕೊಟ್ಟುದನ್ನು ನಾವು ಹಿತ್ತಲಬಾಗಿಲಿನಿಂದ ಸಾಗಿಸುತ್ತಿರುವೆವು.

ಇನ್ನು ಪೂರ್ವಪಕ್ಷವನ್ನು ನೋಡುವಾ. ಮದುವೆಯ ವೆಚ್ಚವೇ ಮಗಳ ಪಾಲೆಂದು ಕೆಲವರ ವಾದ. ಯಾಜ್ಞವಲ್ಕ್ಯನು ಅವಿವಾಹಿತೆಯಾದ ಸೋದರಿಗೆ ತುರೀಯಾಂಶವನ್ನು ವಿಧಿಸಿದಾಗ, ಅದು ಬರಿಯ ವಿವಾಹವೆಚ್ಚವಲ್ಲ, ತಂದೆಯ ತರುವಾಯ ಮಗಳೂ ಅಂಶಭಾಗಿನಿಯೆಂದು ಮಿತಾಕ್ಷರಾಕಾರನು ಸಾಧಿಸಿರುವನು. ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದುದೂ ಸ್ತ್ರೀಧನವೆಂದವನೂ ಅವನೇ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದ ಆ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನವನೇ! ಶಾಸ್ತ್ರದ ಹೆಸರು ಹೇಳುವವರು ಶಾಸ್ತ್ರವನ್ನು ಓದಲಿ. ಹೊಲವು ತುಂಡಾಗುವದೆಂದು ಎರಡನೆಯ ಆಕ್ಷೇಪ. ನಾಲ್ವರು ಗಂಡುಮಕ್ಕಳು ಹಂಚಿಕೊಂಡಾಗ ಆಗದ ತುಂಡು ಮಗಳೊಬ್ಬಳಿಂದ ಆಗುವದೇ? ತವರಿನ ಮಮತೆಯು ಅಳಿಯುವದೆಂದು ಮೂರನೆಯದು. ಪಂಚಮಿಗೆ ಕರೆಯುವ ಅಣ್ಣನ ಪ್ರೀತಿಯು ಸಹಿಯ ಮೇಲೆ ನಿಂತಿದ್ದರೆ ಅದಕ್ಕೆ ಪ್ರೀತಿಯೆಂಬ ಹೆಸರೇಕೆ?

ಆದುದರಿಂದ ಈ ಅಧಿವೇಶನದಲ್ಲಿಯೇ ಒಂದು ಶಾಸನವಾಗಬೇಕು. ಮಗಳಾಗಲಿ ಸೋದರಿಯಾಗಲಿ ಹಕ್ಕು ಬಿಟ್ಟುಕೊಡುವ ಮುನ್ನ ಅಧಿಕಾರಿಯು ಅವಳೊಬ್ಬಳನ್ನೇ ಕರೆದು, ಅವಳ ಅಂಶವೆಷ್ಟು, ಅದರ ಬೆಲೆಯೆಷ್ಟು ಎಂಬದನ್ನು ಅವಳ ಭಾಷೆಯಲ್ಲಿ ಓದಿ ಹೇಳತಕ್ಕದ್ದು. ಖಾನಾಪುರದ ಎಷ್ಟೋ ಮನೆಗಳಲ್ಲಿ ಆ ಭಾಷೆ ಮರಾಠಿ, ಅಲ್ಲಿ ಮರಾಠಿಯಲ್ಲಿಯೇ ಹೇಳಲಿ. ಆರು ತಿಂಗಳೊಳಗೆ ಅವಳು ಪತ್ರವನ್ನು ಹಿಂತೆಗೆದುಕೊಳ್ಳುವಂತಿರಲಿ. ಖಾತೆದಾರನು ತೀರಿಕೊಂಡರೆ, ಯಾರೂ ಅರ್ಜಿ ಕೊಡದಿದ್ದರೂ ತಲಾಠಿಯು ಹೆಣ್ಣುಮಕ್ಕಳ ಹೆಸರನ್ನು ಉತಾರದಲ್ಲಿ ಏರಿಸಲಿ. ಇದಕ್ಕೆ ಬೇಕಾದ ಸಿಬ್ಬಂದಿಗೆ ಆಯವ್ಯಯದಲ್ಲಿ ಹಣವಿಡಲಿ. ಹಣವಿಲ್ಲದ ಕಾಯಿದೆಯು ಎಣ್ಣೆಯಿಲ್ಲದ ದೀಪ. ನೆರೆಯ ಮಹಾರಾಷ್ಟ್ರವು ಹೆಂಗಸರ ಹೆಸರಿನಲ್ಲಿ ಕೊಂಡ ಮನೆಗೆ 2021ರಲ್ಲಿ ಮುದ್ರಾಂಕ ಶುಲ್ಕವನ್ನು ಶೇಕಡಾ 1ರಷ್ಟು ಇಳಿಸಿತು. ನಮ್ಮ ಸರಕಾರವು ಹೆಂಗಸರು ಕೊಳ್ಳುವ ಹೊಲಕ್ಕೂ ಅಂಥ ರಿಯಾಯಿತಿಯನ್ನು ಕೊಡಲಿ.

2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆರಿಸಿ ಬಂದ ಸ್ತ್ರೀಯರು 10 ಮಂದಿ ಮಾತ್ರ. ಆದುದರಿಂದ ಪುರುಷ ಶಾಸಕರನ್ನೇ ಒತ್ತಾಯಿಸಬೇಕು. ಒತ್ತಾಯಿಸುವವರು ಅಣ್ಣತಮ್ಮಂದಿರೇ ಆಗಿರಬೇಕು. ವಾರಸಾ ಹಕ್ಕನ್ನು ಒಪ್ಪದ ಕಂಪನಿ ಸರಕಾರದೊಡನೆ 1824ರಲ್ಲಿ ಕಾದಿದ ಕಿತ್ತೂರ ಚೆನ್ನಮ್ಮನ ಮೂರ್ತಿಗೆ ಬೆಳಗಾವಿಯಲ್ಲಿ ಮಾಲೆ ಹಾಕುವ ನಾವು, ಮನೆಯ ಮಗಳ ವಾರಸೆಯನ್ನು ಅಳಿಸುವದು ಯಾವ ನ್ಯಾಯ?

ನನ್ನ ಪಾಲಿನಲ್ಲಿ ತಂಗಿಗೆ ಸಲ್ಲತಕ್ಕುದನ್ನು ಮರಳಿ ಕೊಡಲು ಕಾಗದವನ್ನು ಸಿದ್ಧಪಡಿಸಿರುವೆನು. ಅಣ್ಣಂದಿರು ಮುನಿದಿರುವರು. ಅದನ್ನು ದಾನಪತ್ರವೆಂದೇ ಬರೆಯಬೇಕೆಂದು ವಕೀಲರು ಹೇಳುವರು. ಅವಳದನ್ನು ಅವಳಿಗೇ ದಾನ ಮಾಡುವ ಈ ನಾಚಿಕೆಯು, ವಾಚಕರೇ, ನಿಮ್ಮ ಮನೆಗೆ ಬಾರದಿರಲಿ.