ಹತ್ತು ರೂಪಾಯಿಗೆ ಲೆಕ್ಕ ಉಂಟು, ಹತ್ತು ಲಕ್ಷಕ್ಕೆ ಇಲ್ಲವೆ?

ಕಾಸರಗೋಡು ಸೀಮೆಯ ನಮ್ಮ ಊರುಗಳಲ್ಲಿ ಒಂದು ಒಳ್ಳೆಯ ಪದ್ಧತಿ ಉಂಟು. ದೈವಸ್ಥಾನದ ಜೀರ್ಣೋದ್ಧಾರವಿರಲಿ, ಊರವರು ಆಡಿಸುವ ಬಯಲಾಟವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ವಂತಿಗೆ ಎತ್ತಿದವರು ಕೊನೆಗೆ ಹತ್ತು ಜನರ ಮುಂದೆ ಲೆಕ್ಕ ಒಪ್ಪಿಸಬೇಕು. ಬಂದದ್ದೆಷ್ಟು, ಅಕ್ಕಿಗೆಷ್ಟು, ಶಾಮಿಯಾನಕ್ಕೆಷ್ಟು, ಉಳಿದದ್ದೆಷ್ಟು ಎಂದು ಓದಿ ಹೇಳಬೇಕು. ಹತ್ತು ರೂಪಾಯಿ ತಪ್ಪಿದರೂ ಕೇಳುವವರುಂಟು. ಕೇಳಿದವರನ್ನು ಊರಿಗೆ ಎರಡು ಬಗೆದವರೆಂದು ಯಾರೂ ಜರೆಯುವುದಿಲ್ಲ. ಬೇಸಿಗೆಗೆ ಮುನ್ನ ತೋಡಿಗೆ ಕಟ್ಟ ಕಟ್ಟುವಲ್ಲಿಯೂ ಇದೇ ನ್ಯಾಯ. ತೋಟದವರೆಲ್ಲ ಕೂಡಿ ಖರ್ಚನ್ನು ಹಂಚಿಕೊಳ್ಳುತ್ತಾರೆ. ಯಾರ ಪಾಲು ಎಷ್ಟೆಂಬುದು ಎಲ್ಲರಿಗೂ ತಿಳಿದಿರುತ್ತದೆ.

ಇಷ್ಟೊಂದು ಎಚ್ಚರವುಳ್ಳ ಜನ ಪಂಚಾಯತಿನ ಲಕ್ಷಗಳ ಮಾತು ಬಂದಾಗ ಮೌನ ತಾಳುವುದೇಕೆ? ಹಾಗೆಂದು ಅದು ಪೂರ್ಣ ಮೌನವೂ ಅಲ್ಲ. ಹೋಟೆಲಿನ ಮೇಜಿನ ಮುಂದೆ, ಬಸ್ಸು ಕಾಯುವಲ್ಲಿ, ಮದುವೆಯ ಚಪ್ಪರದಲ್ಲಿ ಎಲ್ಲೆಲ್ಲಿಯೂ ಅದೇ ಮಾತು. ಡಾಮರು ಒಂದು ಮಳೆಗೆ ಎದ್ದುಹೋಯಿತು, ಕೊಳವೆ ಹಾಕಿ ವರ್ಷವಾದರೂ ನೀರು ಬರಲಿಲ್ಲ ಎಂದು ಹಳಿಯುತ್ತೇವೆ. ಕೊನೆಗೆ, "ತಿನ್ನುವವರು ತಿನ್ನುತ್ತಾರೆ, ಸರಕಾರದ ಹಣ, ನಮಗೇನು?" ಎಂದು ಎದ್ದು ಹೋಗುತ್ತೇವೆ. ಈ "ನಮಗೇನು" ಎಂಬ ಮಾತನ್ನೇ ಈ ತಿಂಗಳು ಓದುಗ ಬಾಂಧವರ ಮುಂದಿಡಬಯಸುತ್ತೇವೆ.

ಸರಕಾರದ ಹಣವೆಂಬುದೊಂದು ಆಕಾಶದಿಂದ ಉದುರುವ ವಸ್ತುವಲ್ಲ. ಮನೆಗೆ ಕಟ್ಟುವ ತೆರಿಗೆ, ಅಂಗಡಿಯವನು ತೆರುವ ಲೈಸನ್ಸಿನ ಶುಲ್ಕ, ಬೀಡಿ ಕಟ್ಟಿ ಬದುಕುವ ತಾಯಿ ಕೊಳ್ಳುವ ಸಾಬೂನಿನ ಬೆಲೆಯಲ್ಲಿ ಅಡಗಿರುವ ತೆರಿಗೆ, ಇವೆಲ್ಲ ಸೇರಿಯೇ ಅದು ಹಣವಾಗಿದೆ. ವಂತಿಗೆಯನ್ನು ಕೈಯಾರೆ ಕೊಡುವುದರಿಂದ ಅದು ನಮ್ಮದೆನಿಸುತ್ತದೆ; ತೆರಿಗೆ ಕಾಣದಂತೆ ಹೋಗುವುದರಿಂದ ಪರರದೆನಿಸುತ್ತದೆ. ವ್ಯತ್ಯಾಸವಿರುವುದು ಇಷ್ಟೇ.

ಈ ಹಣ ಸೋರಿ ಹೋಗುವ ಬಗೆಯೇನೂ ಮಂತ್ರವಿದ್ಯೆಯಲ್ಲ. ಅಧಿಕಾರಿಗಳು ಭಂಡಾರದ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಇಂದಿನ ಒಂದು ಉಪಾಯವನ್ನು ಉದಾಹರಣೆಗಾಗಿ ನೋಡೋಣ. 200 ಮೀಟರ್ ಉದ್ದ, 3 ಮೀಟರ್ ಅಗಲದ ಕಾಂಕ್ರೀಟು ರಸ್ತೆಗೆ 15 ಸೆಂಟಿಮೀಟರ್ ದಪ್ಪವೆಂದು ಅಂದಾಜು ಪಟ್ಟಿಯಲ್ಲಿ ಇದ್ದರೆ, 90 ಘನ ಮೀಟರ್ ಕಾಂಕ್ರೀಟು ಬೇಕು. ಹಾಕಿದ್ದು 12 ಸೆಂಟಿಮೀಟರ್ ಆದರೆ 72 ಸಾಕು. ಅಳತೆ ಪುಸ್ತಕದಲ್ಲಿ 90 ಎಂದೇ ಬರೆದರೆ, ಉಳಿದ 18 ಘನ ಮೀಟರ್ ರಸ್ತೆಯಲ್ಲಿಲ್ಲ, ಕಾಗದದಲ್ಲಿ ಮಾತ್ರ ಉಂಟು. ನೋಡುವ ಕಣ್ಣಿಗೆ ರಸ್ತೆ ರಸ್ತೆಯೇ. ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕವನ್ನೂ ಕೈಯಲ್ಲಿ ಹಿಡಿದು, ಒಂದು ಟೇಪಿನೊಂದಿಗೆ ಸ್ಥಳಕ್ಕೆ ಹೋದವನಿಗೆ ಮಾತ್ರ ಸತ್ಯ ಗೊತ್ತಾಗುತ್ತದೆ.

ಹೀಗೆ ಕಾಗದವನ್ನು ಕೈಗೆ ತೆಗೆದುಕೊಂಡವರು ಮಹಾ ವಿದ್ಯಾವಂತರೇನೂ ಆಗಿರಲಿಲ್ಲ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯಲ್ಲಿ ಅರುಣಾ ರಾಯ್ ಮೊದಲಾದವರೊಡನೆ ಇದ್ದವರು ಬರಗಾಲದ ಕಾಮಗಾರಿಯಲ್ಲಿ ಪೂರ್ಣ ಕೂಲಿ ಕಾಣದ ಬಡ ಜನರು. 1994ರ ಡಿಸೆಂಬರಿನಲ್ಲಿ ಅವರು ಊರ ಬಯಲಿನಲ್ಲಿಯೇ ಸಾರ್ವಜನಿಕ ಅಹವಾಲು ಸಭೆಗಳನ್ನು ಆರಂಭಿಸಿದರು. ಕೂಲಿಗಳ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿದಾಗ, ಕೆಲಸಕ್ಕೆ ಹೋಗದವರ ಹೆಸರೂ ಸತ್ತವರ ಹೆಸರೂ ಹೊರಬಿದ್ದವು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತರು. ನಮ್ಮ ಹಣಕ್ಕೆ ನಮ್ಮ ಲೆಕ್ಕ ಎಂಬುದೇ ಅವರ ಘೋಷಣೆ. ದೇಶಕ್ಕೆಲ್ಲ 2005ರಲ್ಲಿ ಬಂದ ಮಾಹಿತಿ ಹಕ್ಕಿನ ಕಾಯಿದೆಯ ಹಿಂದೆ ಈ ಕೂಲಿಕಾರರ ಬೆವರು ಇದೆ.

ನಮ್ಮ ಕೇರಳದಲ್ಲಿ ಕಾನೂನಿನ ಕೊರತೆಯಿಲ್ಲ. 1996ರ ಜನಕೀಯ ಯೋಜನೆಯ ಕಾಲದಲ್ಲಿ ಯೋಜನಾ ಹಣದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಸ್ಥಳೀಯ ಸಂಸ್ಥೆಗಳ ಕೈಗೆ ಬಂದಿತು. 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಪ್ರತಿ ವಾರ್ಡಿನಲ್ಲಿಯೂ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇದ್ದರೆ ಕೋರಂ. ಸತತ ಎರಡು ಸಲ ಸಭೆ ಕರೆಯದ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ದೂರು ಕೇಳಲು ಸ್ಥಳೀಯ ಸಂಸ್ಥೆಗಳಿಗೆಂದೇ ಓಂಬುಡ್ಸ್‌ಮನ್ ವ್ಯವಸ್ಥೆಯುಂಟು. ಆದರೂ ಗ್ರಾಮಸಭೆಗೆ ಹೆಚ್ಚಿನವರು ಹೋಗುವುದು ಮನೆ, ಆಡು, ಕೋಳಿಗಳ ಪಟ್ಟಿಯಲ್ಲಿ ಹೆಸರು ಸೇರಿಸಲಿಕ್ಕೆ. ಹೆಸರು ಸೇರಿತೆಂದರೆ ಲೆಕ್ಕ ಓದುವ ಹೊತ್ತಿಗೆ ಕುರ್ಚಿಗಳು ಖಾಲಿ. ಕೇಳುವವರಿಲ್ಲದ ಲೆಕ್ಕವನ್ನು ಓದಿದರೇನು, ಬಿಟ್ಟರೇನು?

ಗಡಿನಾಡ ಕನ್ನಡಿಗರಿಗೆ ಇನ್ನೊಂದು ಅಡ್ಡಿ ಉಂಟು, ಅದು ಭಾಷೆ. ಎಷ್ಟೋ ಕಡೆ ವರದಿಯೂ ನಡವಳಿಯೂ ಮಲಯಾಳದಲ್ಲಿ. ಮಲಯಾಳ ನಮಗೆ ಹೊರಗಿನ ಭಾಷೆಯಲ್ಲ, ಅದರ ಮೇಲೆ ನಮಗೆ ದ್ವೇಷವೂ ಇಲ್ಲ. ಆದರೆ ಓದಲಾಗದ ಲೆಕ್ಕವನ್ನು ಪ್ರಶ್ನಿಸುವುದೆಂತು? ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವಿತ್ತಿದೆ. ಕನ್ನಡದ ಹಕ್ಕೆಂದರೆ ನಾಮಫಲಕದ ಹಕ್ಕು ಮಾತ್ರವಲ್ಲ, ಲೆಕ್ಕದ ಹಕ್ಕೂ ಹೌದು. ಫಲಕಕ್ಕಾಗಿ ಹೋರಾಡುವ ನಮ್ಮ ಸಂಘಗಳು ವಾರ್ಷಿಕ ಲೆಕ್ಕದ ಕನ್ನಡ ಪ್ರತಿಗಾಗಿಯೂ ಒತ್ತಾಯಿಸಬೇಕು.

ಪಂಚಾಯತಿನಲ್ಲಿ ಕುಳಿತವರೆಲ್ಲ ಕಳ್ಳರೆಂದು ನಾವು ಹೇಳುವುದಿಲ್ಲ. ಸ್ವಂತ ಕೈಯಿಂದ ಖರ್ಚು ಮಾಡಿ ಜನಸೇವೆ ಮಾಡುವ ಸದಸ್ಯರೂ ಇದ್ದಾರೆ. ಎಲ್ಲರೂ ತಿನ್ನುವವರೇ ಎಂಬ ಹೋಟೆಲಿನ ತೀರ್ಪು ಕಳ್ಳನನ್ನು ನೋಯಿಸುವುದಿಲ್ಲ, ಪ್ರಾಮಾಣಿಕನನ್ನು ಮಾತ್ರ ಕುಗ್ಗಿಸುತ್ತದೆ. ಬಹಿರಂಗ ಲೆಕ್ಕ ಅಂಥವನಿಗೆ ರಕ್ಷಾಕವಚ.

ಆದುದರಿಂದ ನಮ್ಮ ವಿನಂತಿ ಸಣ್ಣದು. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಹೋಗಲಿ, ಮನೆಯ ಹೆಂಗಸರು ಮುಖ್ಯವಾಗಿ ಹೋಗಲಿ. ನೀರಿನ ಕೊಳವೆ ಒಣಗಿದ್ದು ಮೊದಲು ತಿಳಿಯುವುದು ಅವರಿಗೇ. ಒಂದೇ ಒಂದು ಕಾಮಗಾರಿಯನ್ನು ಆರಿಸಿಕೊಂಡು ಅದರ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವನ್ನು ವಿನಯದಿಂದ ಕೇಳಲಿ. ಅಲ್ಲಿ ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಬಯಲಾಟದ ಲೆಕ್ಕದಲ್ಲಿ ತಪ್ಪಿದರೆ ನಾವು ಎದ್ದು ನಿಂತು ಕೇಳುವುದೂ ಅಷ್ಟೇ ಹಣವನ್ನಲ್ಲವೆ?