ಹೊಸ ಕ್ಯಾಮರಾಕ್ಕೆ ಮುನ್ನ ಒಂದು ಸತ್ವಪರೀಕ್ಷೆ

ಸಂಘದ ಕ್ಯಾಮರಾವನ್ನು ಬದಲಾಯಿಸಬೇಕೇ ಬೇಡವೇ ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸಲ ಬಂದು, ಎರಡು ಸಲವೂ ‘ಮುಂದಿನ ಸಭೆಗೆ’ ಎಂಬ ಷರಾ ಹೊತ್ತು ಹಿಂದಿರುಗಿದ ಸಂಗತಿ ವಾಚಕರಿಗೆ ತಿಳಿದೇ ಇದೆ. ದಿನವಿಡೀ ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಆದರೆ ಈ ಸಲ ಹಣದ ಮಾತು ಬಂದಿದೆ. ಭಾನುವಾರದ ಮಕ್ಕಳ ಕನ್ನಡ ತರಗತಿಗೆ ಪುಸ್ತಕ ತರಿಸಲೆಂದು ಕೂಡಿಟ್ಟ ನಿಧಿಯಿಂದಲೇ ಕ್ಯಾಮರಾಕ್ಕೂ ಹಣ ತೆಗೆಯಬೇಕು. ಆದ್ದರಿಂದ ವಿಷಯವನ್ನು ಬಾಯಿಮಾತಿನಲ್ಲಿ ತೀರ್ಮಾನಿಸದೆ ಪರೀಕ್ಷಿಸಿ ನೋಡುವುದು ಒಳ್ಳೆಯದೆಂದು ನಮಗೆ ತೋರಿತು.

ದೂರು ಇಷ್ಟೆ. ರಾಜ್ಯೋತ್ಸವದ ರಾತ್ರಿಯ ಯಕ್ಷಗಾನದ ಚಿತ್ರಗಳಲ್ಲಿ ಕಿರೀಟದ ಕೆಳಗಿನ ಮುಖದ ಮೇಲೆ ಯಾರೋ ರವೆ ಚೆಲ್ಲಿದಂತೆ ಕಾಣುತ್ತದೆ. ಬಲ್ಲವರು ಇದನ್ನು ‘ನಾಯ್ಸ್’ ಎನ್ನುತ್ತಾರೆ. ಸಂಘದಲ್ಲಿರುವುದು ನಿಕಾನ್ ಡಿ90. 2008ರಲ್ಲಿ ಮಾರುಕಟ್ಟೆಗೆ ಬಂದದ್ದು. ನಮ್ಮ ಸದಸ್ಯರೊಬ್ಬರು ತಮ್ಮ ನಿಕಾನ್ ಡಿ7500ನ್ನು, ಅಂದರೆ 2017ರ ಮಾದರಿಯನ್ನು, ಸಂಘಕ್ಕೆ ರಿಯಾಯಿತಿ ಬೆಲೆಯಲ್ಲಿ ಕೊಡಲು ಮುಂದೆ ಬಂದಿದ್ದಾರೆ. ತರುಣರೆಲ್ಲ ‘ತೆಗೆದುಕೊಂಡುಬಿಡೋಣ ಸಾರ್’ ಎಂದರು. ಖಜಾಂಚಿಯವರು ಮಾತ್ರ ಕನ್ನಡಕ ಸರಿಪಡಿಸಿಕೊಂಡು, ‘ಅಲ್ಲ ಸ್ವಾಮಿ, ಕ್ಯಾಮರಾ ಹಳತಾದರೆ ಬೆಳಕೂ ಹಳತಾಗುತ್ತದೆಯೇ?’ ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು.

ಮೊದಲು ಬೆಳಕಿನ ವಿಚಾರ. ಅಂಗಳದಲ್ಲಿ ಮಳೆಗೆ ಸಾಲಾಗಿ ಒಂದೇ ಅಳತೆಯ ಲೋಟಗಳನ್ನು ಇಟ್ಟಿದ್ದೇವೆಂದುಕೊಳ್ಳಿ. ಜಡಿಮಳೆಯಲ್ಲಿ ಎಲ್ಲ ಲೋಟಗಳೂ ಹೆಚ್ಚು ಕಡಿಮೆ ಸಮನಾಗಿ ತುಂಬುತ್ತವೆ. ನಾಲ್ಕು ಹನಿ ಬಿದ್ದು ನಿಂತರೆ ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಏನೂ ಇಲ್ಲ. ಕ್ಯಾಮರಾದೊಳಗಿನ ಸೆನ್ಸರಿನ ಬಿಂದುಗಳ ಗತಿಯೂ ಇದೇ. ಒಂದು ಬಿಂದುವಿಗೆ ಸರಾಸರಿ 10,000 ಬೆಳಕಿನ ಕಣ ಬಿದ್ದರೆ ಏರುಪೇರು ಸುಮಾರು 100. ಎಂದರೆ ನೂರರಲ್ಲಿ ಒಂದು ಪಾಲು. ಬಿದ್ದದ್ದು 100 ಕಣವೇ ಆದರೆ ಏರುಪೇರು 10. ಎಂದರೆ ಹತ್ತರಲ್ಲಿ ಒಂದು ಪಾಲು. ಮುಖದ ಮೇಲಿನ ರವೆಯ ಬಹುಭಾಗ ಈ ಏರುಪೇರೇ. ಇದು ಬೆಳಕಿನ ಸ್ವಭಾವ. ಎಷ್ಟು ಹೊಸ ಯಂತ್ರ ತಂದರೂ ಇದನ್ನು ಅಳಿಸಲಾಗದು. ಐಎಸ್‌ಒ ಅಂಕಿಯನ್ನು ಏರಿಸಿದರೆ ಹೆಚ್ಚು ಬೆಳಕು ಸಿಕ್ಕುತ್ತದೆಂದು ಅನೇಕರ ನಂಬಿಕೆ. ಅದು ಮೈಕಿನ ಧ್ವನಿ ಏರಿಸಿದಂತೆ. ಭಾಗವತರ ಪದವೂ ಏರುತ್ತದೆ, ಸಭಿಕರ ಕೆಮ್ಮೂ ಏರುತ್ತದೆ.

ಎರಡನೆಯದು ‘ರಾ’ ಕಡತದ ವಿಚಾರ. ‘ರಾ’ ಎಂದರೆ ಹಸಿ. ಸೆನ್ಸರು ಕಂಡದ್ದನ್ನು ಕಂಡಂತೆ ಬರೆದಿಟ್ಟ ಕಡತ ಅದು. ಸಾಮಾನ್ಯವಾಗಿ ನಾವು ಮೊಬೈಲಿನಲ್ಲಿ ಕಳಿಸುವ ಜೆಪೆಗ್ ಚಿತ್ರ, ಕ್ಯಾಮರಾ ತಾನೇ ತಿದ್ದಿ ತೀಡಿ, ಸಂಕ್ಷೇಪಿಸಿ ಕೊಟ್ಟದ್ದು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ರಾ ಎಂಬುದು ಅಡಕಗಳ ಸಮೇತವಾದ ಮೂಲ ಅರ್ಜಿ. ಜೆಪೆಗ್ ಎಂಬುದು ಸಾಹೇಬರಿಗೆ ಮಂಡಿಸಿದ ಟಿಪ್ಪಣಿ. ಟಿಪ್ಪಣಿ ಬರೆದವನ ಕೈಗುಣ ಅದರಲ್ಲಿ ಸೇರಿಯೇ ಇರುತ್ತದೆ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು. ಡಿ90ರ ರಾ ಕಡತದಲ್ಲಿ 4,096. ಡಿ7500ರ 14 ಬಿಟ್ ಕಡತದಲ್ಲಿ 16,384. ಹೊಸ ಕ್ಯಾಮರಾದ ಜೆಪೆಗ್ ನೋಡಿ ಮರುಳಾಗುವವರು ಎಷ್ಟೋ ವೇಳೆ ಮೆಚ್ಚಿಕೊಳ್ಳುವುದು ಟಿಪ್ಪಣಿಯನ್ನು, ಅರ್ಜಿಯನ್ನಲ್ಲ. ಆದ್ದರಿಂದ ಎರಡು ಯಂತ್ರಗಳ ಸತ್ವ ತಿಳಿಯಬೇಕಾದರೆ ಹಸಿ ಕಡತಗಳನ್ನೇ ಎದುರುಬದುರು ಇಡಬೇಕು.

ಆ ಸದಸ್ಯರು ದೊಡ್ಡ ಮನಸ್ಸಿನಿಂದ ತಮ್ಮ ಕ್ಯಾಮರಾವನ್ನು ಒಂದು ವಾರ ನಮ್ಮ ವಶಕ್ಕೆ ಕೊಟ್ಟರು. ಸಂಘದ ಸಭಾಂಗಣದಲ್ಲಿ ಮೇಜಿನ ಮೇಲೆ ವೇಷದ ಕಿರೀಟವನ್ನೂ ಒಂದು ಕಪ್ಪು ಬಟ್ಟೆಯನ್ನೂ ಇಟ್ಟು, ರಂಗದ ದೀಪಗಳನ್ನಷ್ಟೇ ಹೊತ್ತಿಸಿ, ಪರೀಕ್ಷೆ ನಡೆಸಿದೆವು. ಮನೆಯಲ್ಲಿ ಮಾಡಿ ನೋಡುವವರಿಗೆ ಅನುಕೂಲವಾಗಲೆಂದು ಅದರ ಕಟ್ಟಳೆಗಳನ್ನು ಹೇಳುತ್ತೇವೆ.

ಒಂದನೆಯದಾಗಿ, ಎರಡಕ್ಕೂ ಒಂದೇ ಲೆನ್ಸು. ಎರಡೂ ಒಂದೇ ಕಂಪನಿಯ ಒಂದೇ ಬಗೆಯ ಜೋಡಣೆಯವಾದ್ದರಿಂದ ಸಂಘದ 18-105 ಲೆನ್ಸನ್ನೇ ಬದಲಿಸಿ ಬದಲಿಸಿ ತೊಡಿಸಿದೆವು. ಎರಡನೆಯದಾಗಿ, ಮೂರು ಕಾಲಿನ ಸ್ಟ್ಯಾಂಡು ಕದಲಬಾರದು, ದೀಪ ಬದಲಾಗಬಾರದು. ಮೂರನೆಯದಾಗಿ, ಲೆನ್ಸಿನ ಕಿಂಡಿಯನ್ನೂ ಷಟರಿನ ಅವಧಿಯನ್ನೂ ಕೈಯಾರೆ ಒಂದೇ ಅಳತೆಗೆ ಇಡಬೇಕು. ಒಬ್ಬ ತಯಾರಕರ ಐಎಸ್‌ಒ 1600 ಇನ್ನೊಬ್ಬರದಕ್ಕೆ ಸರಿಯಾಗಿ ಹೊಂದುತ್ತದೆಂಬ ಭರವಸೆಯಿಲ್ಲ. ನಾಲ್ಕನೆಯದಾಗಿ, ಎರಡು ಕಡತಗಳನ್ನೂ ಒಂದೇ ತಂತ್ರಾಂಶದಲ್ಲಿ ತೆರೆದು, ರವೆ ಅಳಿಸುವ ಸೌಲಭ್ಯವನ್ನು ಸೊನ್ನೆಗೆ ಇಳಿಸಬೇಕು. ಸೆನ್ಸರಿನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನೇ ಕಾಣುವುದರಿಂದ ಉಳಿದೆರಡನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಊಹಿಸುವವರು ಬೇರೆ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಐದನೆಯದು ಎಲ್ಲಕ್ಕಿಂತ ಮುಖ್ಯ: ಎರಡು ಚಿತ್ರಗಳನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಡಿ90ರ ಚಿತ್ರದಲ್ಲಿ ಸುಮಾರು 1 ಕೋಟಿ 22 ಲಕ್ಷ ಬಿಂದು, ಡಿ7500ರದರಲ್ಲಿ 2 ಕೋಟಿ 6 ಲಕ್ಷಕ್ಕೂ ಮಿಗಿಲು. ಎರಡನ್ನೂ ಪರದೆಯ ಮೇಲೆ ಪೂರ್ಣ ಹಿಗ್ಗಿಸಿ ನೋಡಿದರೆ ಹೊಸದನ್ನು ಹೆಚ್ಚು ದೊಡ್ಡ ಭೂತಗನ್ನಡಿಯಲ್ಲಿ ನೋಡಿದಂತಾಗಿ ಅದಕ್ಕೇ ಅನ್ಯಾಯವಾಗುತ್ತದೆ. ಗೋಡೆಗೆ ಹಾಕುವ 8×12 ಅಂಗುಲದ ಪಟಕ್ಕೆ, ಅಂಗುಲಕ್ಕೆ 300 ಬಿಂದುವಿನಂತೆ, ಬೇಕಾದದ್ದು 86 ಲಕ್ಷ 40 ಸಾವಿರ ಬಿಂದು ಮಾತ್ರ. ನಾವು ಎರಡನ್ನೂ ಆ ಅಳತೆಗೆ ತಂದೆವು.

ಫಲಿತಾಂಶ ಹೀಗಿತ್ತು. ಐಎಸ್‌ಒ 400ರಲ್ಲಿ ಯಾವುದು ಯಾವ ಕ್ಯಾಮರಾದ್ದೆಂದು ಸಮಿತಿಯವರಲ್ಲಿ ಯಾರೂ ಗುರುತಿಸಲಿಲ್ಲ. ಹೆಚ್ಚಿನ ಅಂಕಿಗಳಲ್ಲಿ ವ್ಯತ್ಯಾಸ ಕಂಡಿತು: ಹಳೆಯದರ 1600ರ ಚಿತ್ರ, ಹೊಸದರ 1600ಕ್ಕಿಂತ ಹೀನ, 3200ಕ್ಕಿಂತ ಕೊಂಚ ಮೇಲು. ಎಂದರೆ ಒಂಬತ್ತು ವರ್ಷದ ಅಂತರಕ್ಕೆ ಸಿಕ್ಕ ಲಾಭ ಇಮ್ಮಡಿ ಬೆಳಕಿಗಿಂತಲೂ ಕಡಿಮೆ. ಇದಕ್ಕೆ ಕಾರಣವೂ ಸ್ಪಷ್ಟ. ಎರಡರ ಸೆನ್ಸರೂ ಸುಮಾರು 24 ಮಿಲಿಮೀಟರ್ ಉದ್ದ, 16 ಮಿಲಿಮೀಟರ್ ಅಗಲ. ಮಳೆಗೆ ಇಟ್ಟ ಪಾತ್ರೆಯ ಬಾಯಿ ಅಷ್ಟೇ ಇದ್ದ ಮೇಲೆ ನೀರು ಎಲ್ಲಿಂದ ಹೆಚ್ಚೀತು? 36×24 ಮಿಲಿಮೀಟರಿನ ದೊಡ್ಡ ಸೆನ್ಸರಿನದಾದರೆ ಪಾತ್ರೆಯ ಬಾಯಿ 2.3 ಪಟ್ಟು, ಬೆಲೆಯೂ ಲೆನ್ಸುಗಳ ಖರ್ಚೂ ಅದಕ್ಕೆ ತಕ್ಕಂತೆ.

ಹೊಸದು ನಿಜವಾಗಿ ಗೆದ್ದದ್ದು ಕತ್ತಲೆಯ ಭಾಗದಲ್ಲಿ. ಕಡಿಮೆ ಐಎಸ್‌ಒದಲ್ಲಿ ತೆಗೆದು ಕಪ್ಪು ಬಟ್ಟೆಯ ನೆರಿಗೆಗಳನ್ನು ತಂತ್ರಾಂಶದಲ್ಲಿ ಬೆಳಗಿಸಿದಾಗ ಡಿ7500 ನೆರಿಗೆ ನೆರಿಗೆಯನ್ನೂ ತೋರಿಸಿತು. ಡಿ90 ಅಲ್ಲಿ ಕಲೆಗಳನ್ನು ತೋರಿಸಿತು. ಬೆಟ್ಟಗುಡ್ಡ, ಸೂರ್ಯಾಸ್ತಗಳ ಚಿತ್ರ ತೆಗೆಯುವವರಿಗೆ ಇದು ದೊಡ್ಡ ಮಾತು. ಕತ್ತಲ ಸಭಾಂಗಣದಲ್ಲಿ ಐಎಸ್‌ಒ ಏರಿಸಿಯೇ ತೆಗೆಯಬೇಕಾದ ನಮ್ಮ ಸಂಘಕ್ಕೆ ಅಷ್ಟು ದೊಡ್ಡದಲ್ಲ.

ಇನ್ನು ಖಜಾಂಚಿಯವರ ಪ್ರಶ್ನೆಗೆ ಬರೋಣ. ನಮ್ಮ 18-105 ಲೆನ್ಸಿನ ಕಿಂಡಿ ದೂರದ ತುದಿಯಲ್ಲಿ 5.6ಕ್ಕಿಂತ ಹೆಚ್ಚು ತೆರೆಯದು. ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿಲಿಮೀಟರಿನ 1.8 ಲೆನ್ಸು ಇದೆ. ಲೆನ್ಸುಗಳ ಪೈಕಿ ಅಗ್ಗದ ಜಾತಿಯದು. ಅದನ್ನು 2ಕ್ಕೆ ತೆರೆದರೆ 5.6ರಲ್ಲಿ ಬರುವ ಬೆಳಕಿನ 8 ಪಟ್ಟು ಬರುತ್ತದೆ. ಐಎಸ್‌ಒ 3200 ಬೇಕಾದೆಡೆ 400 ಸಾಕು. ಹೊಸ ಬಾಡಿ ಕೊಡುವುದು ಇಮ್ಮಡಿಗೂ ಕಡಿಮೆ, ಈ ಲೆನ್ಸು ಕೊಡುವುದು 8 ಪಟ್ಟು! ತೊಡಕುಗಳೂ ಇಲ್ಲದಿಲ್ಲ. ಜೂಮ್ ಇಲ್ಲದ್ದರಿಂದ ಛಾಯಾಗ್ರಾಹಕರು ರಂಗಕ್ಕೆ ಇರುವ ದೂರವನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು. ಕಿಂಡಿ ಅಷ್ಟು ತೆರೆದಾಗ ಮುಂದಿನ ವೇಷ ಸ್ಪಷ್ಟವಾಗಿ ಹಿಂದಿನ ವೇಷ ಮಸುಕಾಗಬಹುದು. ಹಾಗೆಂದು ರಂಗಕ್ಕೆ ಇನ್ನೆರಡು ದೀಪ ಹೆಚ್ಚಿಸಿದರೆ ಯಾವ ಕ್ಯಾಮರಾ ಆದರೂ ಕೃತಜ್ಞವಾಗಿರುತ್ತದೆ.

ಬಾಡಿ ಬದಲಿಸುವುದೇ ತಪ್ಪೆಂದು ನಮ್ಮ ವಾದವಲ್ಲ. ಕತ್ತಲಲ್ಲಿ ಗುರಿ ಹಿಡಿಯಲು ತಡವರಿಸುವುದು, ಷಟರು ಸವೆದಿರುವುದು, ವಿಡಿಯೊ ಚೆನ್ನಾಗಿ ಬೇಕೆನ್ನುವುದು, ಇವೆಲ್ಲ ಯೋಗ್ಯ ಕಾರಣಗಳು. ಡಿ90 ವಿಡಿಯೊ ತೆಗೆಯಬಲ್ಲ ಮೊಟ್ಟಮೊದಲ ಡಿಎಸ್ಎಲ್ಆರ್ ಎಂಬ ಕೀರ್ತಿ ಪಡೆದಿದ್ದರೂ ಅದರ ವಿಡಿಯೊ ಇಂದಿನ ಮಟ್ಟದ್ದಲ್ಲ. ಮುಂದಿನ ವರ್ಷ ನಾಟಕಗಳನ್ನು ಚಿತ್ರೀಕರಿಸಿಡುವ ಯೋಜನೆ ಕೈಗೂಡಿದರೆ ಆಗ ಈ ಕಡತವನ್ನು ಮತ್ತೆ ತೆರೆಯಬಹುದು. ರವೆಯ ದೂರು ಒಂದಕ್ಕೇ ಆದರೆ ಈ ವೆಚ್ಚ ಹೆಚ್ಚಾಯಿತು. ನಾವು ಸಮಿತಿಗೆ ಹೀಗೆಯೇ ಬರೆದುಕೊಟ್ಟೆವು. ಸಮಿತಿ ಲೆನ್ಸಿಗೆ ಒಪ್ಪಿಗೆ ಕೊಟ್ಟು, ಉಳಿದ ಹಣವನ್ನು ಮಕ್ಕಳ ಪುಸ್ತಕಕ್ಕೇ ಬಿಟ್ಟಿತು. ಕ್ಯಾಮರಾದ ಒಡೆಯರೂ ಚಿತ್ರಗಳನ್ನು ಕಣ್ಣಾರೆ ನೋಡಿ ನಗುನಗುತ್ತಲೇ ಒಪ್ಪಿದರು.

ಮನೆಗೆ ಕ್ಯಾಮರಾ ಕೊಳ್ಳಹೊರಟಿರುವ ವಾಚಕರಿಗೂ ಇದೇ ಅರಿಕೆ. ಚಾಂದನಿ ಚೌಕದ ಕೂಚಾ ಚೌಧರಿಯಲ್ಲಿ ಅಂಗಡಿ ಮೆಟ್ಟಿಲು ಹತ್ತುವಾಗ ಹಳೆಯ ಕ್ಯಾಮರಾವನ್ನೂ ಒಂದು ಮೆಮೊರಿ ಕಾರ್ಡನ್ನೂ ಜೊತೆಯಲ್ಲಿ ಒಯ್ಯಿರಿ. ಅಂಗಡಿಯವರ ಅಪ್ಪಣೆ ಪಡೆದು, ಒಂದೇ ವಸ್ತುವನ್ನು ಎರಡರಲ್ಲೂ ರಾ ಕಡತವಾಗಿ ತೆಗೆದುಕೊಳ್ಳಿ. ಅಂಗಡಿಯ ಝಗಝಗ ಬೆಳಕಿನಲ್ಲಿ ಅಲ್ಲ, ಕಪಾಟಿನ ಕೆಳಗಿನ ಕತ್ತಲ ಮೂಲೆಯಲ್ಲಿ ತೆಗೆಯಿರಿ. ಹಣವನ್ನು ಅಂದೇ ಕೊಡಬೇಡಿ. ಮನೆಗೆ ಬಂದು, ಊಟ ಮುಗಿಸಿ, ಮನೆಯವರನ್ನೂ ಕೂರಿಸಿಕೊಂಡು ಎರಡನ್ನೂ ಒಂದೇ ಅಳತೆಯಲ್ಲಿ ನೋಡಿ, ಯಾವುದು ಯಾವುದೆಂದು ಹೇಳದೆ ಅವರನ್ನೇ ಕೇಳಿರಿ. ಅವರಿಗೆ ವ್ಯತ್ಯಾಸ ಕಂಡರೆ ಮಾರನೆಯ ದಿನ ಸಂತೋಷವಾಗಿ ಹೋಗಿ ಕೊಳ್ಳಬಹುದು. ಕಾಣದಿದ್ದರೆ ಆ ಹಣದಲ್ಲಿ ಎಲ್ಲರೂ ಒಮ್ಮೆ ಊರಿಗೆ ಹೋಗಿ ಬನ್ನಿ. ತೆಗೆಯಲು ಒಳ್ಳೆಯ ಚಿತ್ರಗಳು ಅಲ್ಲಿಯೇ ಸಿಕ್ಕಾವು.