ಶರೀಫರ ಪದಕ್ಕೆ ಒಂದೇ ಮಟ್ಟೇ?

ಶಿಶುನಾಳ ಶರೀಫರ ತತ್ತ್ವಪದಗಳನ್ನು ಉಳಿಸಿದ್ದು ಕ್ಯಾಸೆಟ್ಟು ಎಂಬ ಮಾತನ್ನು ನಮ್ಮ ಗದಗ ಸೀಮೆಯ ವಿದ್ಯಾವಂತರೇ ಸಭೆ ಸಭೆಗಳಲ್ಲಿ ಆಡುತ್ತ ಬಂದಿದ್ದಾರೆ. ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಾಗಿತ್ತು; ಅದರಿಂದ ಕೇಡೂ ಆಗುತ್ತಿರುವುದರಿಂದ ಬರೆಯಬೇಕಾಯಿತು.

ಕಾಲದ ಲೆಕ್ಕವನ್ನೇ ನೋಡಿರಿ. ಶರೀಫರು ಹುಟ್ಟಿದ್ದು 1819ರಲ್ಲಿ, ಕಾಲವಾದದ್ದು 1889ರಲ್ಲಿ. ಧಾರವಾಡಕ್ಕೆ ಆಕಾಶವಾಣಿ ಬಂದದ್ದು 1950ರಲ್ಲಿ. ಸಿ. ಅಶ್ವಥ್ ಅವರ ಸಂಗೀತವುಳ್ಳ, ನಾಗಾಭರಣರ ಚಿತ್ರ ತೆರೆ ಕಂಡದ್ದು 1990ರಲ್ಲಿ. ಕ್ಯಾಸೆಟ್ಟುಗಳ ಭರಾಟೆಯೂ ಹೆಚ್ಚು ಕಡಿಮೆ ಆ ಕಾಲದ್ದೇ. ನಡುವಣ ನೂರು ವರುಷ ಈ ಪದಗಳು ಎಲ್ಲಿದ್ದವು? ಶಿಶುನಾಳವು ಲಕ್ಷ್ಮೇಶ್ವರದಿಂದ ಬಂಡಿ ಹೂಡಿಕೊಂಡು ಹೋಗಿಬರುವಷ್ಟೇ ದೂರ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ, ಬೆಟಗೇರಿಯ ನೇಕಾರರ ಓಣಿಗಳಲ್ಲಿ, ಹಗಲೆಲ್ಲ ದುಡಿದು ಇರುಳಿಗೆ ಏಕತಾರಿ ಹಿಡಿದವರ ಗಂಟಲಲ್ಲಿ ಇದ್ದವು. ಅಮಾವಾಸ್ಯೆಯ ಭಜನೆಯಲ್ಲಿ, ಶ್ರಾವಣ ಸೋಮವಾರದಲ್ಲಿ, ಸತ್ತವರ ಮನೆಯ ಮುಂದಿನ ಜಾಗರಣೆಯಲ್ಲಿ ಇದ್ದವು.

ಆ ಹಾಡಿಕೆಯ ಕ್ರಮವೇ ಬೇರೆ. ಮುಂದಾಳು ಒಂದು ನುಡಿ ಎತ್ತಿಕೊಡುತ್ತಾನೆ, ಮೇಳದವರು ತಾಳ, ದಮ್ಮಡಿಗಳೊಡನೆ ಅದನ್ನು ತಿರುಗಿ ಹಿಡಿಯುತ್ತಾರೆ. ನಡುವೆಯೇ ಹಾಡು ನಿಲ್ಲಿಸಿ ಒಂದು ಒಗಟಿನ ಅರ್ಥ ಬಿಡಿಸುತ್ತಾನೆ. ಎದುರಿಗೆ ಕೂತ ಮುದುಕನೊಬ್ಬ ‘ಅದು ಹಂಗಲ್ಲೋ ತಮ್ಮಾ’ ಎಂದು ತಕರಾರು ತೆಗೆದರೆ ಉತ್ತರಕ್ಕೆ ಇನ್ನೊಂದು ಪದವೇ ಬರುತ್ತದೆ. ಹಬ್ಬದ ರಾತ್ರಿ ಕುಣಿಸುವ ಪದವನ್ನೇ ಹೆಣದ ಮುಂದೆ ಎಳೆದು ಹಾಡುತ್ತಾರೆ. ಮಟ್ಟು ಊರಿಂದ ಊರಿಗೆ ಬೇರೆ. ಒಂದೇ ಊರಿನ ಎರಡು ಮೇಳಗಳಲ್ಲೂ ಬೇರೆ.

ಅಶ್ವಥ್ ಅವರ ಮೇಲೆ ನನ್ನ ತಕರಾರಿಲ್ಲ. ಅವರದು ಎದೆಯಿಂದ ಬಂದ ಕಂಠ. ಶರೀಫರ ಹೆಸರನ್ನೇ ಕೇಳದ ಎಷ್ಟೋ ಮನೆಗಳಿಗೆ ಅವರು ಈ ಪದಗಳನ್ನು ಮುಟ್ಟಿಸಿದರು; ಆ ಋಣ ದೊಡ್ಡದು. ತಮ್ಮ ಗಂಟಲಿಗೆ ಒಪ್ಪಿದಂತೆ ಅವರು ಹಾಡಿದರು. ಅದನ್ನೇ ಶಾಸ್ತ್ರವೆಂದು ತಲೆಯ ಮೇಲೆ ಹೊತ್ತವರೊಡನೆ ನನ್ನ ಜಗಳ. ಕೆಲವು ವರುಷಗಳ ಹಿಂದೆ ತತ್ತ್ವಪದದ ಸ್ಪರ್ಧೆಯೊಂದಕ್ಕೆ ನನ್ನನ್ನೂ ನಿರ್ಣಾಯಕನೆಂದು ಕರೆದಿದ್ದರು. ಮುಂಡರಗಿ ಕಡೆಯ ಹಳ್ಳಿಯ ಮೇಳವೊಂದು ತಮ್ಮ ಹಿರಿಯರ ಮಟ್ಟಿನಲ್ಲಿ ಹಾಡಿತು. ನನ್ನ ಪಕ್ಕದಲ್ಲಿದ್ದ ಮಹಾಶಯರು ‘ರಾಗ ತಪ್ಪಿತು’ ಎಂದು ಅಂಕ ಕತ್ತರಿಸಿದರು. ಯಾವ ರಾಗ ತಪ್ಪಿತೆಂದು ಕೇಳಿದೆ. ‘ಕ್ಯಾಸೆಟ್ಟಿನಲ್ಲಿ ಹೀಗಿಲ್ಲ’ ಎಂದರು! ಬಹುಮಾನ ಪಡೆದ ಹುಡುಗರು ಪದದ ನಡುವಣ ಪಿಟೀಲಿನ ತುಣುಕನ್ನೂ ಬಾಯಿಂದಲೇ ಹಾಡಿ ಒಪ್ಪಿಸಿದ್ದರು. ಸೋತ ಮೇಳದವರು ಮರುವರುಷ ಯಾವ ಮಟ್ಟು ಕಲಿತು ಬಂದಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಡುಗಾರನ ಬೆಲೆ ಗದಗಿಗೆ ತಿಳಿಯದೆಂದು ಯಾರೂ ಹೇಳಲಾರರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಎಷ್ಟೋ ಕುರುಡು ಮಕ್ಕಳ ಕೈಗೆ ಸ್ವರವನ್ನೇ ಊರುಗೋಲಾಗಿ ಕೊಟ್ಟರು. ಅಲ್ಲಿ ಕಲಿತವನನ್ನು ‘ಯಾರ ಶಿಷ್ಯ?’ ಎಂದು ಕೇಳುತ್ತೇವೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳೂ ವಚನ ಹಾಡಿದರು, ಮಲ್ಲಿಕಾರ್ಜುನ ಮನಸೂರರೂ ಹಾಡಿದರು. ಇವರ ಮಟ್ಟು ಸರಿಯೋ ಅವರದು ಸರಿಯೋ ಎಂದು ಯಾರೂ ಅಂಕ ಕತ್ತರಿಸಲಿಲ್ಲ. ಭಜನೆಯವನ ಸರದಿ ಬಂದಾಗ ಮಾತ್ರ ಅವನಿಗೆ ಗುರುವೂ ಇಲ್ಲ, ಹೆಸರೂ ಇಲ್ಲ. ಕರಪತ್ರದ ಕೊನೆಯ ಸಾಲಿನಲ್ಲಿ ‘ಸ್ಥಳೀಯ ಭಜನಾ ಮಂಡಳಿ’ ಎಂದಿಷ್ಟೇ. ಶಾಮಿಯಾನದವನ ಹೆಸರು ಅದಕ್ಕಿಂತ ದಪ್ಪಕ್ಷರದಲ್ಲಿರುತ್ತದೆ.

ದೂರದ ಒಂದು ಉದಾಹರಣೆ ಕೊಡುತ್ತೇನೆ, ಓದುಗರು ಬೇಸರಿಸಬಾರದು. ಅಮೆರಿಕದ ಕರಿಯರ ಚರ್ಚುಗಳಲ್ಲಿ ಬೆಳೆದ ಹಾಡಿಕೆಯಿಂದ ಅಲ್ಲಿ ‘ಸೋಲ್’ ಎಂಬ ಸಂಗೀತ ಹುಟ್ಟಿತು. ಅಲ್ಲಿಯೂ ನಮ್ಮ ಭಜನೆಯಂತೆ ಒಬ್ಬರು ಎತ್ತಿಕೊಡುವುದು, ಮೇಳ ಹಿಡಿಯುವುದು. ಓಟಿಸ್ ರೆಡಿಂಗ್ ಎಂಬಾತ 1965ರಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡು ಕಟ್ಟಿ ಹಾಡಿದ. ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಬೇಡುವ ಹಾಡು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ಎತ್ತಿಕೊಂಡಳು. ಡೆಟ್ರಾಯಿಟಿನಲ್ಲಿ ತಂದೆಯ ಚರ್ಚಿನಲ್ಲಿ ಹಾಡಿ ಬೆಳೆದವಳು. ಆಕೆಯ ಬಾಯಲ್ಲಿ ಅದು ಹೆಣ್ಣು ತನ್ನ ಹಕ್ಕು ಕೇಳುವ ಹಾಡಾಯಿತು. ‘ಮೊದಲಿನಂತಿಲ್ಲ’ ಎಂದು ಅವಳನ್ನು ಹೊರಗಿಟ್ಟಿದ್ದರೆ? ಇಂದು ಎರಡೂ ಹಾಡಿಕೆಗಳುಂಟು, ಇಬ್ಬರ ಹೆಸರೂ ಉಂಟು. ನಮ್ಮಲ್ಲಿಯೂ ಹಾಗೆಯೇ ಇತ್ತು. ಅದನ್ನು ಒಂದೇ ಮಟ್ಟಿಗೆ ಇಳಿಸುವ ಕೆಲಸವನ್ನು ನಾವೇ ಕೈಯಾರೆ ಮಾಡುತ್ತಿದ್ದೇವೆ.

ಹಣವಿಲ್ಲವೆಂಬ ಸಬೂಬು ಈಗ ನಡೆಯದು. ಧ್ವನಿ ಹಿಡಿಯುವ ಯಂತ್ರ ಎಲ್ಲರ ಕಿಸೆಯಲ್ಲಿಯೂ ಇದೆ. ಮೇಳದ ಹಿರಿಯನನ್ನು ಕೂಡಿಸಿಕೊಂಡು ಹಾಡಿಸಿರಿ. ಅವನ ಹೆಸರು, ಊರು, ಯಾರಿಂದ ಕಲಿತನೆಂಬುದನ್ನು ಮೊದಲು ಅವನ ಬಾಯಿಂದಲೇ ಹೇಳಿಸಿರಿ. ಸ್ಪರ್ಧೆ ನಡೆಸುವವರು ಕ್ಯಾಸೆಟ್ಟಿನ ಮಟ್ಟಿಗೆ ಅಂಕವಿಲ್ಲವೆಂದು ಒಂದು ವರುಷ ಸಾರಿ ನೋಡಲಿ, ಎಷ್ಟು ಮಟ್ಟುಗಳು ಹೊರಬೀಳುತ್ತವೆ ಎಣಿಸೋಣ. ಅದೂ ಆಗದಿದ್ದರೆ, ಬರುವ ಶ್ರಾವಣದ ಕರಪತ್ರದಲ್ಲಿ ‘ಸ್ಥಳೀಯ ಭಜನಾ ಮಂಡಳಿ’ ಎಂಬುದನ್ನು ಹೊಡೆದುಹಾಕಿ, ಏಕತಾರಿ ಯಾರದು, ತಾಳ ಯಾರದು, ದಮ್ಮಡಿ ಯಾರದು ಎಂದು ಹೆಸರು ಹೆಸರಾಗಿ ಅಚ್ಚು ಹಾಕಿಸಿರಿ.